ಇಕ್ಕಟ್ಟಿಗೆ ಸಿಕ್ಕಾಗ ಏನು ಮಾಡೋದು? ವ್ಯವಹಾರ ನೀತಿಯನ್ನು ಕೆಲಸಕ್ಕೆ ಹಚ್ಚುವ ಬಗೆ

ಶುಕ್ರವಾರ ಸಂಜೆ. ನೀವು ಒಂದು ಟೀಮಿನ ಮ್ಯಾನೇಜರ್. ಬೆಳಿಗ್ಗೆಯಷ್ಟೇ ಮೇಲಿನವರು ನಿಮ್ಮನ್ನು ಕೂರಿಸಿಕೊಂಡು ಒಂದು ಪಟ್ಟಿ ತೋರಿಸಿದ್ದಾರೆ. ಮುಂದಿನ ತಿಂಗಳು ಕೆಲಸ ಕಳೆದುಕೊಳ್ಳುವವರ ಹೆಸರುಗಳು ಅದರಲ್ಲಿವೆ. "ಯಾರ ಹತ್ತಿರವೂ ಬಾಯಿ ಬಿಡಬೇಡಿ" ಅಂದಿದ್ದಾರೆ. ನೀವು ಆಯ್ತು ಅಂದಿದ್ದೀರಿ. ಸಂಜೆ ಬ್ಯಾಗ್ ಹೆಗಲಿಗೇರಿಸುವಾಗ ಟೀಮಿನ ಹುಡುಗನೊಬ್ಬ ಬಂದು ನಿಲ್ಲುತ್ತಾನೆ. ಪಟ್ಟಿಯಲ್ಲಿ ಮೂರನೆಯ ಹೆಸರು ಅವನದು.

"ಸರ್, ಸೋಮವಾರ ಹನ್ನೊಂದು ಗಂಟೆಗೆ ಮನೆ ಸಾಲದ ಪೇಪರಿಗೆ ಸಹಿ ಹಾಕ್ತಿದ್ದೀನಿ. ನನ್ನ ಕೆಲಸಕ್ಕೇನೂ ತೊಂದರೆ ಇಲ್ವಲ್ಲ?"

ಏನು ಹೇಳುತ್ತೀರಿ?

ವ್ಯವಹಾರ ನೀತಿ (ಬಿಸಿನೆಸ್ ಎಥಿಕ್ಸ್) ಅನ್ನುವ ವಿಷಯ ಬೇಕಾಗುವುದೇ ಇಂಥ ಹೊತ್ತಿನಲ್ಲಿ. ಕ್ಲಾಸಿನಲ್ಲಿ ಓದುವಾಗ ಅದು ಕಾಂಟ್, ಮಿಲ್, ಅರಿಸ್ಟಾಟಲ್ ಅಂತ ಬರೀ ತತ್ವಜ್ಞಾನಿಗಳ ಹೆಸರುಗಳ ಸಾಲು. ಬಾಯಿಪಾಠ ಮಾಡಿ, ಪರೀಕ್ಷೆ ಬರೆದು, ಮರೆತುಬಿಡುತ್ತೇವೆ. ಇಲ್ಲಿ ಆ ಹೆಸರುಗಳನ್ನು ಕೈಗೆ ಸಿಗುವ ಸಲಕರಣೆಗಳ ಹಾಗೆ ಬಳಸಿ ನೋಡೋಣ. ಹುಡುಗ ಬಾಗಿಲ ಹತ್ತಿರವೇ ನಿಂತಿರಲಿ. ಕೊನೆಯಲ್ಲಿ ಅವನಿಗೆ ಉತ್ತರ ಕೊಡಲೇಬೇಕು.

ಹೆಜ್ಜೆ 1: ಇದು ಆಸೆಯಾ, ಇಕ್ಕಟ್ಟಾ?

ಮೊದಲು ಒಂದು ವಿಂಗಡಣೆ. ನೈತಿಕ ಸಮಸ್ಯೆ ಅಂತ ನಾವು ತಲೆ ಕೆಡಿಸಿಕೊಳ್ಳುವ ವಿಷಯಗಳಲ್ಲಿ ಹೆಚ್ಚಿನವು ಸಮಸ್ಯೆಗಳೇ ಅಲ್ಲ. ಗ್ರಾಹಕರಿಗೆ ಒಂದೇ ಕೆಲಸಕ್ಕೆ ಎರಡು ಸಲ ಬಿಲ್ ಹೋಗಿದೆ. ಅವರು ಗಮನಿಸದೆ ಎರಡನ್ನೂ ಕಟ್ಟಿದ್ದಾರೆ. ಹೇಳೋದಾ, ಬೇಡ್ವಾ? ಇದರಲ್ಲಿ ಯೋಚಿಸೋಕೆ ಏನಿದೆ? ಹೇಳಬೇಕು, ದುಡ್ಡು ವಾಪಸ್ ಕೊಡಬೇಕು. ಸರಿ ಯಾವುದು ಅಂತ ಇಲ್ಲಿ ಚೆನ್ನಾಗಿಯೇ ಗೊತ್ತಿದೆ, ಮಾಡೋಕೆ ಮನಸ್ಸಿಲ್ಲ ಅಷ್ಟೇ. ಇದರ ಹೆಸರು ಆಸೆ. ಇದಕ್ಕೆ ಯಾವ ತತ್ವಜ್ಞಾನಿಯನ್ನೂ ಎಬ್ಬಿಸಬೇಕಿಲ್ಲ.

ಇಕ್ಕಟ್ಟು ಅಂದರೆ ಎರಡೂ ಕಡೆ ಸರಿಯಾದದ್ದೇ ಇರುವುದು. ಕೊಟ್ಟ ಮಾತು ಉಳಿಸಿಕೊಳ್ಳಬೇಕು. ನಂಬಿ ಕೇಳಿದವನಿಗೆ ಮೋಸ ಮಾಡಬಾರದು. ಎರಡೂ ನ್ಯಾಯವೇ. ಒಂದನ್ನು ಹಿಡಿದರೆ ಇನ್ನೊಂದು ಕೈಬಿಡುತ್ತದೆ. ಸಿದ್ಧಾಂತಗಳು ಇರುವುದು ಇಂಥದ್ದಕ್ಕೆ.

ಒಂದು ಎಚ್ಚರಿಕೆ. ಆಸೆಗೆ ಇಕ್ಕಟ್ಟಿನ ವೇಷ ಹಾಕೋದರಲ್ಲಿ ನಾವೆಲ್ಲ ಪಳಗಿದ್ದೇವೆ. "ಇದು ತುಂಬಾ ಸಂಕೀರ್ಣವಾದ ವಿಷಯ" ಅಂತ ಯಾರಾದರೂ ಶುರು ಮಾಡಿದರೆ ನನಗೆ ಮೊದಲು ಬರುವ ಅನುಮಾನ ಅದೇ.

ಇನ್ನು "ಕಾನೂನಿನಲ್ಲಿ ತಪ್ಪಿಲ್ಲವಲ್ಲ" ಅನ್ನುವ ಮಾತು. ಕಾನೂನು ನೆಲಮಟ್ಟ. ಅದಕ್ಕಿಂತ ಕೆಳಗೆ ಇಳಿಯಬಾರದು ಅನ್ನುತ್ತದೆಯೇ ಹೊರತು ಅಷ್ಟು ಸಾಕು ಅನ್ನುವುದಿಲ್ಲ. ಸೀಸ ಬೆರೆಸಿದ ಪೆಟ್ರೋಲ್ 1923ರಲ್ಲಿ ಮಾರಾಟಕ್ಕೆ ಬಂತು. ಸೀಸದ ಆ ರಾಸಾಯನಿಕವನ್ನು ತಯಾರಿಸುತ್ತಿದ್ದ ಕಾರ್ಮಿಕರು 1924ರಲ್ಲೇ ವಿಷವೇರಿ ಸತ್ತರು. ಆದರೂ ಕಾರುಗಳಿಗೆ ಅದನ್ನು ಮಾರುವುದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, ಅದೂ 2021ರಲ್ಲಿ. ಹತ್ತಿರಹತ್ತಿರ ನೂರು ವರ್ಷ ಒಂದಲ್ಲ ಒಂದು ಕಡೆ ಅದು ಕಾನೂನುಬದ್ಧವಾಗಿಯೇ ಇತ್ತು. ಕಾನೂನು ನಿಧಾನವಾಗಿ ನಡೆಯುತ್ತದೆ. ಸರಕು ಅಷ್ಟರಲ್ಲಿ ಊರೆಲ್ಲ ಸುತ್ತಿ ಬಂದಿರುತ್ತದೆ.

"ಆ ದೇಶದಲ್ಲಿ ಹಾಗೇ ನಡೆಯೋದು" ಅನ್ನುವುದೂ ಇದೇ ಜಾತಿಯ ಮಾತು. ಊಟ, ಉಡುಪು, ಮಾತಿನ ರೀತಿಗೆ ಅದು ಸರಿ. ಲಂಚಕ್ಕೆ ಸರಿಯಲ್ಲ. ಪರದೇಶದ ಅಧಿಕಾರಿಗೆ ಕಂಪನಿಗಳು ಕೈ ಬಿಸಿ ಮಾಡುವುದನ್ನು ಅಮೆರಿಕ 1977ರಲ್ಲಿ ಕಾನೂನು ಮಾಡಿ ನಿಷೇಧಿಸಿತು. 1997ರಲ್ಲಿ ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟದವರು ಸೇರಿ ಅದಕ್ಕೊಂದು ಒಪ್ಪಂದವನ್ನೇ ಮಾಡಿಕೊಂಡರು. ಒಂದು ಸರಳ ಗುರುತು ಹೇಳುತ್ತೇನೆ: ನಿಜವಾದ ಪದ್ಧತಿಯಾದರೆ ಅದಕ್ಕೆ ರಸೀದಿ ಬರೆಯೋಕೆ ಯಾರೂ ಹೆದರುವುದಿಲ್ಲ.

ಹೆಜ್ಜೆ 2: ಅದರ ಹೆಸರಿಟ್ಟೇ ಕರೆಯಿರಿ

ಈ ಹೆಜ್ಜೆಯನ್ನು ಹೆಚ್ಚಿನ ಪಠ್ಯಗಳು ಹೇಳುವುದಿಲ್ಲ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಕೆಲಸದ ಜಾಗದಲ್ಲಿ ತಪ್ಪು ನಡೆಯುವಾಗ ಅದಕ್ಕೆ ತಪ್ಪು ಅಂತ ಯಾರೂ ಕರೆಯುತ್ತಿರುವುದಿಲ್ಲ. ಸುಳ್ಳು ಹೇಳಿದ್ದಕ್ಕೆ "ಮ್ಯಾನೇಜ್ ಮಾಡಿದೆ" ಅನ್ನುತ್ತೇವೆ. ಲೆಕ್ಕ ತಿದ್ದಿದ್ದು "ಅಡ್ಜಸ್ಟ್‌ಮೆಂಟ್" ಆಗುತ್ತದೆ. ಜನರನ್ನು ಕೆಲಸದಿಂದ ತೆಗೆದರೆ "ರೈಟ್‌ಸೈಜಿಂಗ್". ಹೆಸರು ಬದಲಾದ ಕೂಡಲೇ ಮನಸ್ಸೂ ಹಗುರವಾಗುತ್ತದೆ.

1986ರ ಜನವರಿ 27ರ ರಾತ್ರಿ ನಡೆದದ್ದು ನೋಡಿ. ಮರುದಿನ ಅಮೆರಿಕದ ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಬೇಕು. ಅದರ ಬೂಸ್ಟರ್ ರಾಕೆಟ್ ತಯಾರಿಸಿದ್ದ ಮಾರ್ಟನ್ ಥಯೋಕಾಲ್ ಕಂಪನಿಯ ಎಂಜಿನಿಯರುಗಳು ಬೇಡ ಅಂದರು. ಚಳಿ ಜಾಸ್ತಿಯಿದೆ, ಜೋಡಣೆಯಲ್ಲಿರುವ ರಬ್ಬರ್ ಉಂಗುರಗಳು ಬಿಗಿಯಾಗಿ ಕೂರದಿರಬಹುದು ಅಂತ ಅವರ ಹೆದರಿಕೆ. ನಾಸಾದವರಿಗೆ ಅದು ಹಿಡಿಸಲಿಲ್ಲ. ಕಂಪನಿಯವರು ಫೋನ್ ಬದಿಗಿಟ್ಟು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಆಗ ಹಿರಿಯ ಅಧಿಕಾರಿಯೊಬ್ಬರು ಎಂಜಿನಿಯರಿಂಗ್ ಮುಖ್ಯಸ್ಥರಿಗೆ ಹೇಳಿದರು: ಎಂಜಿನಿಯರ್ ಟೋಪಿ ತೆಗೆದು ಮ್ಯಾನೇಜ್‌ಮೆಂಟ್ ಟೋಪಿ ಹಾಕಿಕೊಳ್ಳಿ. ನಿರ್ಧಾರ ತಿರುಗಿತು. ಮರುದಿನ ಬೆಳಿಗ್ಗೆ ನೌಕೆ ಹಾರಿದ 73 ಸೆಕೆಂಡಿಗೆ ಚೂರಾಯಿತು. 7 ಜನ ಸತ್ತರು.

ಆ ಒಂದು ಮಾತಿನಿಂದ ಚಳಿಯೂ ಬದಲಾಗಲಿಲ್ಲ, ರಬ್ಬರೂ ಬದಲಾಗಲಿಲ್ಲ. ಪ್ರಶ್ನೆಯ ಹೆಸರು ಮಾತ್ರ ಬದಲಾಯಿತು. "ಇದು ಸುರಕ್ಷಿತವಾ?" ಅನ್ನುವುದು ಹೋಗಿ "ಇದು ಮ್ಯಾನೇಜ್‌ಮೆಂಟ್ ನಿರ್ಧಾರ" ಅನ್ನುವುದು ಬಂತು.

ಹಾಗಾಗಿ ಒಂದು ಹಾಳೆ ತಗೊಳ್ಳಿ. ನಿಮ್ಮ ಮುಂದಿರುವ ಕೆಲಸವನ್ನು ಮನೆಯಲ್ಲಿ ಅಮ್ಮನಿಗೆ ಹೇಳುವ ಭಾಷೆಯಲ್ಲಿ ಒಂದೇ ವಾಕ್ಯದಲ್ಲಿ ಬರೆಯಿರಿ. ಆಫೀಸಿನ ಪದ ಒಂದೂ ಬೇಡ. ನಮ್ಮ ವಿಷಯದಲ್ಲಿ ಅದು ಹೀಗಾಗುತ್ತದೆ: "ಕೆಲಸ ಹೋಗುತ್ತದೆ ಅಂತ ನನಗೆ ಗೊತ್ತಿದ್ದೂ, ಅವನು ದೊಡ್ಡ ಸಾಲಕ್ಕೆ ಸಹಿ ಹಾಕೋದನ್ನು ನೋಡಿಕೊಂಡು ಸುಮ್ನಿರೋದು." ಓದುವಾಗ ಹೊಟ್ಟೆಯಲ್ಲಿ ಏನೋ ಆಯ್ತಲ್ವಾ? ಅಷ್ಟಾದರೆ ಹೆಸರು ಸರಿಯಾಗಿದೆ.

ಹೆಜ್ಜೆ 3: ಯಾರ್ಯಾರಿಗೆ ತಟ್ಟುತ್ತದೆ, ಬರೆಯಿರಿ

ಕಂಪನಿ ಇರೋದು ಯಾರಿಗಾಗಿ? ಈ ಒಂದು ಪ್ರಶ್ನೆಯ ಮೇಲೆ ಐವತ್ತು ವರ್ಷಕ್ಕೂ ಜಾಸ್ತಿ ಜಗಳ ನಡೆದಿದೆ.

ಒಂದು ಕಡೆ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್. 1970ರ ಸೆಪ್ಟೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮ್ಯಾಗಜಿನ್‌ನಲ್ಲಿ ಅವರು ಬರೆದ ಲೇಖನದ ಸಾರ ಇಷ್ಟು: ಮ್ಯಾನೇಜರ್ ಅನ್ನುವವನು ಷೇರುದಾರರ ಕೆಲಸದಾಳು. ಅವರ ದುಡ್ಡಿನಲ್ಲಿ ಸಮಾಜಸೇವೆ ಮಾಡೋಕೆ ಅವನಿಗೆ ಹಕ್ಕಿಲ್ಲ. ಲಾಭ ಹೆಚ್ಚಿಸುವುದೇ ಅವನ ಜವಾಬ್ದಾರಿ. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಅದೇ ಲೇಖನದ ಇನ್ನೊಂದು ತುಂಡನ್ನು ಸುಮಾರು ಜನ ನುಂಗಿಬಿಡುತ್ತಾರೆ. ಲಾಭ ಮಾಡುವಾಗ ಸಮಾಜದ ಮೂಲ ನಿಯಮಗಳೊಳಗೇ ಇರಬೇಕು, ಕಾನೂನಿನಲ್ಲಿ ಬರೆದಿರುವ ನಿಯಮ ಮತ್ತು ನೈತಿಕ ರೂಢಿಯಲ್ಲಿರುವ ನಿಯಮ ಎರಡೂ, ಅಂತ ಫ್ರೀಡ್‌ಮನ್ ಅಲ್ಲೇ ಹೇಳಿದ್ದಾರೆ. ಸುಳ್ಳು ಹೇಳೋಕೆ ಅವರ ಹೆಸರು ಬಳಸುವವರು ಲೇಖನವನ್ನು ಪೂರ್ತಿ ಓದಿಲ್ಲ.

ಇನ್ನೊಂದು ಕಡೆ ಮ್ಯಾನೇಜ್‌ಮೆಂಟ್ ಪ್ರೊಫೆಸರ್ ಎಡ್ವರ್ಡ್ ಫ್ರೀಮನ್. ಹೆಸರು ಹತ್ತಿರಹತ್ತಿರ ಒಂದೇ ಥರ ಇರೋದರಿಂದ ವಿದ್ಯಾರ್ಥಿಗಳು ಗೊಂದಲ ಮಾಡಿಕೊಳ್ಳುತ್ತಾರೆ. ವಿಚಾರ ಮಾತ್ರ ತದ್ವಿರುದ್ಧ. 1984ರಲ್ಲಿ ಅವರು ಸ್ಟೇಕ್‌ಹೋಲ್ಡರ್ ಅನ್ನುವ ಮಾತನ್ನು ಮುಂದಕ್ಕೆ ತಂದರು. ಕಂಪನಿಯ ನಿರ್ಧಾರ ಯಾರಿಗೆಲ್ಲ ತಟ್ಟುತ್ತದೋ, ಯಾರಿಂದೆಲ್ಲ ಕಂಪನಿಗೆ ತಟ್ಟುತ್ತದೋ, ಅವರೆಲ್ಲ ಲೆಕ್ಕಕ್ಕೆ ಬರಬೇಕು: ಕೆಲಸಗಾರರು, ಗ್ರಾಹಕರು, ಸರಕು ಪೂರೈಸುವವರು, ಅಕ್ಕಪಕ್ಕದ ಜನ, ಷೇರುದಾರರು. ಇದರ ಕಷ್ಟ ಏನೆಂದರೆ, ಎಲ್ಲರನ್ನೂ ಪಟ್ಟಿಗೆ ಸೇರಿಸಿದ ಮೇಲೆ ಯಾರ ಮಾತಿಗೆ ಎಷ್ಟು ತೂಕ ಅಂತ ಸಿದ್ಧಾಂತ ಹೇಳುವುದಿಲ್ಲ. ಅದನ್ನು ನೀವೇ ನೋಡಿಕೊಳ್ಳಬೇಕು.

ಅದೇನೇ ಇರಲಿ, ಪಟ್ಟಿ ಮಾಡೋದರಿಂದ ಲಾಭವಿದೆ. ನಮ್ಮ ಪ್ರಸಂಗದಲ್ಲಿ ಹುಡುಗ ಇದ್ದಾನೆ. ಅವನ ಮನೆಯವರಿದ್ದಾರೆ. ಮಾತು ತಗೊಂಡ ಮೇಲಿನವರಿದ್ದಾರೆ. ಇಷ್ಟು ತಕ್ಷಣ ಕಾಣುತ್ತದೆ. ಕೆಲಸ ಹೋಗುವವರ ಪಟ್ಟಿಯಲ್ಲಿರುವ ಉಳಿದವರು? ಅವರಲ್ಲಿ ಒಬ್ಬಳು ಇದೇ ವಾರ ಬೇರೆ ಕಡೆ ಸಿಕ್ಕ ಕೆಲಸ ಬೇಡ ಅಂದಿರಬಹುದು. ಅವಳು ನಿಮ್ಮ ಬಾಗಿಲಿಗೆ ಬಂದು ಕೇಳಲಿಲ್ಲ, ಅಷ್ಟೇ. ಬರೆಯದಿದ್ದರೆ ಅವಳು ನೆನಪಿಗೇ ಬರುತ್ತಿರಲಿಲ್ಲ.

ಹೆಜ್ಜೆ 4: ನಾಲ್ಕು ಪ್ರಶ್ನೆ ಕೇಳಿ

ಈಗ ದೊಡ್ಡ ಸಿದ್ಧಾಂತಗಳು. ಒಂದನ್ನೇ ಹಿಡಿದುಕೊಂಡು ಎಲ್ಲಕ್ಕೂ ಅದೇ ಹಚ್ಚಬೇಡಿ. ಪ್ರತಿಯೊಂದಕ್ಕೂ ಒಂದೊಂದು ಕಣ್ಣು ಚುರುಕು, ಇನ್ನೊಂದು ಮಂಜು.

ಮೊದಲ ಪ್ರಶ್ನೆ: ಇದರಿಂದ ಏನಾಗುತ್ತದೆ?

ಇದು ಉಪಯುಕ್ತತಾವಾದ. ಜೆರೆಮಿ ಬೆಂಥಾಮ್ 18ನೇ ಶತಮಾನದ ಕೊನೆಯಲ್ಲಿ ಹಾಕಿದ ಬುನಾದಿ, ಜಾನ್ ಸ್ಟುವರ್ಟ್ ಮಿಲ್ 1861ರಲ್ಲಿ ಅದನ್ನು ತಿದ್ದಿ ಬೆಳೆಸಿದರು. ಯಾವ ಕೆಲಸದಿಂದ ಒಟ್ಟಾರೆ ಒಳಿತು ಜಾಸ್ತಿ, ನೋವು ಕಡಿಮೆ, ಅದು ಸರಿ. ಲೆಕ್ಕದಲ್ಲಿ ರಾಜನಿಗೂ ಒಂದು, ಕೂಲಿಯವನಿಗೂ ಒಂದು. ವ್ಯವಹಾರದವರಿಗೆ ಇದು ಬೇಗ ಒಗ್ಗುತ್ತದೆ. ಲಾಭ ನಷ್ಟದ ಪಟ್ಟಿಯ ಹಾಗೇ ಕಾಣುತ್ತದಲ್ಲ.

ಅಪಾಯ ಇರೋದೂ ಅಲ್ಲೇ. ಫೋರ್ಡ್ ಕಂಪನಿ 1973ರಲ್ಲಿ ಮಾಡಿದ ಲೆಕ್ಕವೊಂದು ಈ ವಿಷಯದ ಪ್ರತಿ ಕ್ಲಾಸಿನಲ್ಲೂ ಬರುತ್ತದೆ. ಇಂಧನ ಸೋರದ ಹಾಗೆ ಮಾಡಲು ಒಂದು ವಾಹನಕ್ಕೆ 11 ಡಾಲರ್. ವಾಹನಗಳು 1.25 ಕೋಟಿ. ಒಟ್ಟು ಖರ್ಚು 13.7 ಕೋಟಿ ಡಾಲರ್. ಸರಿ ಮಾಡಿದರೆ 180 ಸಾವು, 180 ಗಂಭೀರ ಸುಟ್ಟಗಾಯ, 2,100 ವಾಹನಗಳ ನಷ್ಟ ತಪ್ಪುತ್ತದೆ. ಒಂದು ಜೀವಕ್ಕೆ 2 ಲಕ್ಷ ಡಾಲರ್ ಅಂತ ಹಿಡಿದು, ಎಲ್ಲ ಸೇರಿಸಿದರೂ 4.95 ಕೋಟಿ ಡಾಲರ್. ಹಾಗಾಗಿ ಸರಿ ಮಾಡೋದು ಗಿಟ್ಟುವುದಿಲ್ಲ.

ಇಲ್ಲೊಂದು ತಿದ್ದುಪಡಿ ಹೇಳಲೇಬೇಕು. ಈ ಹಾಳೆಯನ್ನು ಫೋರ್ಡ್‌ನ ಪಿಂಟೋ ಕಾರಿನ ಹಿಂಬದಿಯ ಟ್ಯಾಂಕಿನ ಬಗ್ಗೆ ಗುಟ್ಟಾಗಿ ಬರೆದದ್ದು ಅಂತ ಸುಮಾರು ಕಡೆ ಹೇಳುತ್ತಾರೆ. ಅದು ಹಾಗಲ್ಲ. ಅದು ವಾಹನ ಉರುಳಿದಾಗ ಇಂಧನ ಸೋರುವ ಬಗ್ಗೆ, ಎಲ್ಲ ಕಂಪನಿಗಳ ವಾಹನಗಳನ್ನೂ ಸೇರಿಸಿ, ಸರ್ಕಾರದ ಸುರಕ್ಷತಾ ಸಂಸ್ಥೆಗೇ ಕೊಟ್ಟ ಲೆಕ್ಕ. ಜೀವಕ್ಕೆ 2 ಲಕ್ಷ ಅನ್ನುವ ಅಂಕಿಯೂ ಆ ಸಂಸ್ಥೆಯದ್ದೇ. ಹಿಂದಿನಿಂದ ಗುದ್ದಿದರೆ ಬೆಂಕಿ ಹತ್ತಬಹುದಾದ ಪಿಂಟೋದ ಟ್ಯಾಂಕಿನ ತೊಂದರೆ ನಿಜ, 1978ರಲ್ಲಿ ಫೋರ್ಡ್ ಸುಮಾರು 15 ಲಕ್ಷ ಕಾರುಗಳನ್ನು ವಾಪಸ್ ಕರೆಸಿಕೊಂಡದ್ದೂ ನಿಜ. ನೀತಿಯ ಬಗ್ಗೆ ಪಾಠ ಮಾಡುವಾಗಲಾದರೂ ಕಥೆ ನೆಟ್ಟಗಿರಬೇಕಲ್ವಾ.

ಆ ಕಥೆಯಲ್ಲಿ ನನ್ನನ್ನು ಜಾಸ್ತಿ ಕಾಡುವುದು ಡೆನಿಸ್ ಜಿಯೋಯಾ. 1970ರ ದಶಕದಲ್ಲಿ ಫೋರ್ಡ್‌ನಲ್ಲಿ ಕಾರುಗಳನ್ನು ವಾಪಸ್ ಕರೆಸುವ ವಿಭಾಗದಲ್ಲಿದ್ದವರು. ಓದುವಾಗ ದೊಡ್ಡ ಕಂಪನಿಗಳ ನೀತಿಗೇಡಿತನದ ಮೇಲೆ ಹರಿಹಾಯುತ್ತಿದ್ದವರು. ಪಿಂಟೋದ ಬೆಂಕಿಯ ವರದಿಗಳು ಅವರ ಟೇಬಲ್ಲಿಗೆ ಬಂದವು. ವಾಪಸ್ ಕರೆಸೋದು ಬೇಡ ಅಂತಲೇ ಅವರೂ ಮತ ಹಾಕಿದರು. ಅಷ್ಟೇ ಅಲ್ಲ, ಸ್ವತಃ ಪಿಂಟೋ ಓಡಿಸುತ್ತಿದ್ದರು, ಆಮೇಲೆ ಅದನ್ನು ತಮ್ಮ ತಂಗಿಗೇ ಮಾರಿದರು. ಮುಂದೆ ಪ್ರೊಫೆಸರ್ ಆಗಿ ಇದನ್ನೆಲ್ಲ ಅವರೇ ಬರೆದುಕೊಂಡಿದ್ದಾರೆ. ಕೆಟ್ಟ ಮನುಷ್ಯ ತಂಗಿಗೆ ಆ ಕಾರು ಮಾರುತ್ತಾನಾ? ಅವರಿಗೆ ಅದು ನೀತಿಯ ಪ್ರಶ್ನೆಯಾಗಿ ಕಾಣಲೇ ಇಲ್ಲ. ದಿನಾ ಬರುವ ಹತ್ತಾರು ಫೈಲುಗಳಲ್ಲಿ ಅದೂ ಒಂದು ಫೈಲು. ಎರಡನೇ ಹೆಜ್ಜೆ ನೆನಪು ಮಾಡಿಕೊಳ್ಳಿ.

ನಮ್ಮ ಹುಡುಗನಿಗೆ ಬರೋಣ. ಹೇಳಿಬಿಟ್ಟರೆ ಅವನು ಸಾಲದ ಹೊರೆಯಿಂದ ಉಳಿಯುತ್ತಾನೆ. ಸುದ್ದಿ ಹಬ್ಬಿದರೆ ಪಟ್ಟಿಯಲ್ಲಿ ಇಲ್ಲದವರೂ ಹೆದರುತ್ತಾರೆ, ಗ್ರಾಹಕರು ಜಾರಬಹುದು, ಪಟ್ಟಿ ಇನ್ನೂ ಉದ್ದವಾಗಬಹುದು. ಈ "ಬಹುದು"ಗಳನ್ನು ಸ್ವಲ್ಪ ಅನುಮಾನದಿಂದಲೇ ನೋಡಿ. ನಮಗೆ ಅನುಕೂಲವಾದ ಕಡೆ ಅವು ಜಾಸ್ತಿಯಾಗುತ್ತವೆ.

ಎರಡನೇ ಪ್ರಶ್ನೆ: ಎಲ್ಲರೂ ಹೀಗೇ ಮಾಡಿದರೆ?

ಇದು ಇಮ್ಯಾನುಯೆಲ್ ಕಾಂಟ್ ಅವರ ಪ್ರಶ್ನೆ, 1785ರದ್ದು. ವಾಪಸ್ ಕೊಡುವ ಉದ್ದೇಶವಿಲ್ಲದೆ "ಕೊಡ್ತೀನಿ" ಅಂತ ಮಾತು ಕೊಟ್ಟು ಸಾಲ ತಗೊಳ್ಳುವವನ ಉದಾಹರಣೆ ಅವರದ್ದು. ಎಲ್ಲರೂ ಹಾಗೇ ಮಾಡಿದರೆ ಮಾತು ಅನ್ನೋದಕ್ಕೇ ಅರ್ಥ ಇರೋದಿಲ್ಲ, ಸಾಲ ಕೊಡುವವರೂ ಇರೋದಿಲ್ಲ. ನಮ್ಮ ಸುಳ್ಳು ಕೆಲಸ ಮಾಡೋದು ಬೇರೆಯವರು ನಿಜ ಹೇಳುತ್ತಿರುವುದರಿಂದ. ಅಂದರೆ ನಾವು ನಮಗೊಂದು ವಿನಾಯಿತಿ ಕೊಟ್ಟುಕೊಂಡಿದ್ದೇವೆ.

ಅವರದ್ದೇ ಇನ್ನೊಂದು ಮಾತು: ಮನುಷ್ಯರನ್ನು ಬರೀ ಸಾಧನವಾಗಿ ಬಳಸಬಾರದು. "ಬರೀ" ಅನ್ನುವ ಪದ ಮುಖ್ಯ. ಅಂಗಡಿಯವನು ಗಿರಾಕಿಯನ್ನು ಬಳಸುತ್ತಾನೆ, ಗಿರಾಕಿ ಅಂಗಡಿಯವನನ್ನು. ಅದರಲ್ಲಿ ತಪ್ಪಿಲ್ಲ. ಎದುರಿನವರಿಗೆ ಗೊತ್ತಾದರೆ ಒಪ್ಪಲು ಸಾಧ್ಯವೇ ಇಲ್ಲದ ರೀತಿ ಬಳಸಿದರೆ ತಪ್ಪು.

ಕಾಂಟ್ ಅವರ ಅಂಗಡಿಯವನ ಉದಾಹರಣೆಯಂತೂ ನೇರ ವ್ಯಾಪಾರದ್ದೇ. ಏನೂ ತಿಳಿಯದ ಗಿರಾಕಿಗೂ ಅವನು ಸರಿಯಾದ ಬೆಲೆಯನ್ನೇ ಹೇಳುತ್ತಾನೆ, ಹೆಸರು ಕೆಡಬಾರದು ಅಂತ. ಕೆಲಸ ಸರಿ. ಆದರೆ ಅದು ಕರ್ತವ್ಯ ಅಂತ ಮಾಡಿದ್ದಲ್ಲ, ಲೆಕ್ಕಾಚಾರದಿಂದ ಮಾಡಿದ್ದು. ಅದಕ್ಕೆ ನೈತಿಕ ಬೆಲೆ ಇಲ್ಲ ಅನ್ನುತ್ತಾರೆ. ಇದು ಸ್ವಲ್ಪ ಜಾಸ್ತಿಯಾಯ್ತು ಅಂತ ನನಗೆ ಅನ್ನಿಸುತ್ತದೆ. ಗಿರಾಕಿಗೆ ಬೇಕಾದದ್ದು ಸರಿಯಾದ ಬೆಲೆ ತಾನೆ. ಆದರೂ "ಪ್ರಾಮಾಣಿಕತೆಯೇ ಲಾಭ" ಅಂತ ಗೋಡೆಗೆ ಬರೆಸಿಕೊಂಡ ಕಂಪನಿ, ಲಾಭ ಇಲ್ಲದ ದಿನ ಏನು ಮಾಡುತ್ತದೆ? ಕಾಂಟ್ ಕೇಳುತ್ತಿರುವುದು ಅದನ್ನೇ.

ಹುಡುಗನ ವಿಷಯಕ್ಕೆ ಕಾಂಟ್ ಒಂದು ಬೀಗದ ಕೈ ಕೊಡುತ್ತಾರೆ. ಸುಳ್ಳು ಹೇಳಬಾರದು ಅನ್ನುವುದು ಕಟ್ಟುನಿಟ್ಟು. ಗೊತ್ತಿರುವುದನ್ನೆಲ್ಲ ಹೇಳಲೇಬೇಕು ಅನ್ನುವುದು ಅಲ್ಲಿಲ್ಲ. "ಏನೂ ತೊಂದರೆ ಇಲ್ಲ, ಸಹಿ ಹಾಕಿ" ಅನ್ನುವುದಕ್ಕೂ "ಆ ಬಗ್ಗೆ ನಾನು ಮಾತಾಡುವ ಹಾಗಿಲ್ಲ" ಅನ್ನುವುದಕ್ಕೂ ಅಜಗಜಾಂತರ.

ಮೂರನೇ ಪ್ರಶ್ನೆ: ನಾನೇ ಆ ಜಾಗದಲ್ಲಿದ್ದರೆ?

1971ರಲ್ಲಿ ತತ್ವಜ್ಞಾನಿ ಜಾನ್ ರಾಲ್ಸ್ ಇದಕ್ಕೊಂದು ಒಳ್ಳೆಯ ಆಟ ಹೇಳಿಕೊಟ್ಟರು. ಒಂದು ಪರದೆಯ ಹಿಂದೆ ಕೂತು ನಿಯಮ ಮಾಡುತ್ತಿದ್ದೀರಿ ಅಂದುಕೊಳ್ಳಿ. ಪರದೆ ಸರಿದಾಗ ನೀವು ಮಾಲೀಕರೋ, ಮ್ಯಾನೇಜರೋ, ಪಟ್ಟಿಯ ಮೂರನೇ ಹೆಸರೋ ಗೊತ್ತಿಲ್ಲ. ಆಗ ಎಂಥ ನಿಯಮ ಮಾಡುತ್ತೀರಿ? ಎಲ್ಲರಿಗಿಂತ ಕೆಳಗಿರುವವನ ಪಾಡು ಸಹಿಸುವ ಹಾಗಿರಲಿ ಅಂತ ನೋಡಿಕೊಳ್ಳುತ್ತೀರಿ.

ಇಲ್ಲಿ ಹೊಸದೊಂದು ಕಾಣುತ್ತದೆ. ಈ ಹುಡುಗನಿಗೆ ಮಾತ್ರ ಗುಟ್ಟಾಗಿ ಹೇಳಿದರೆ? ಮನಸ್ಸಿಗೆ ಒಳ್ಳೆಯದೆನಿಸುತ್ತದೆ. ಕೇಳಲು ಧೈರ್ಯ ಬಾರದ, ನಿಮ್ಮ ಜೊತೆ ಅಷ್ಟು ಸಲುಗೆ ಇಲ್ಲದವರಿಗೆ ಅನ್ಯಾಯವಾಗುತ್ತದೆ. ಕರುಣೆಗೂ ಪಕ್ಷಪಾತ ಇರುತ್ತದೆ.

ಹಾಗಂತ ಸಂಬಂಧಕ್ಕೆ ಬೆಲೆಯೇ ಇಲ್ಲವಾ? ಇದೆ ಅಂತ ಮನಶ್ಶಾಸ್ತ್ರಜ್ಞೆ ಕೆರಲ್ ಗಿಲ್ಲಿಗನ್ 1982ರಲ್ಲಿ ವಾದಿಸಿದರು. ಕಾಳಜಿಯ ನೀತಿ ಅಂತ ಆ ಧಾರೆಗೆ ಹೆಸರು. ನಿಮ್ಮನ್ನೇ ನಂಬಿ ಎದುರಿಗೆ ನಿಂತವನ ಕಡೆ ನಿಮಗೆ ವಿಶೇಷ ಹೊಣೆ ಇದೆ ಅನ್ನುತ್ತದೆ ಅದು. ರಾಲ್ಸ್ ಮತ್ತು ಗಿಲ್ಲಿಗನ್ ಇಲ್ಲಿ ಒಪ್ಪುವುದಿಲ್ಲ. ನಾನೂ ರಾಜಿ ಮಾಡಿಸಲು ಹೋಗುವುದಿಲ್ಲ.

ನಾಲ್ಕನೇ ಪ್ರಶ್ನೆ: ಇದನ್ನು ಮಾಡುತ್ತಾ ಮಾಡುತ್ತಾ ನಾನು ಎಂಥವನಾಗುತ್ತೇನೆ?

ಇದು ಅರಿಸ್ಟಾಟಲ್. ಎರಡು ಸಾವಿರದ ಮುನ್ನೂರು ವರ್ಷದ ಹಳೆಯ ಪ್ರಶ್ನೆ. ಗುಣ ಅನ್ನುವುದು ಅಭ್ಯಾಸದಿಂದ ಬರುತ್ತದೆ. ವೀಣೆ ನುಡಿಸುತ್ತಾ ವೀಣೆ ಕಲಿತ ಹಾಗೆ, ಧೈರ್ಯದ ಕೆಲಸ ಮಾಡುತ್ತಾ ಧೈರ್ಯವಂತರಾಗುತ್ತೇವೆ. ಗುಣ ಎರಡು ಅತಿಗಳ ನಡುವೆ ಇರುತ್ತದೆ. ಪುಕ್ಕಲುತನ ಒಂದು ಕಡೆ, ಹುಚ್ಚು ಸಾಹಸ ಇನ್ನೊಂದು ಕಡೆ, ಧೈರ್ಯ ಮಧ್ಯೆ. ಹುಡುಗನಿಗೆ ಸುಳ್ಳು ಹೇಳಿ ಜಾರಿಕೊಳ್ಳುವುದು ಪುಕ್ಕಲುತನ. ಪಟ್ಟಿಯನ್ನು ಎಲ್ಲರಿಗೂ ಮೇಲ್ ಮಾಡುವುದು ಸಾಹಸ. ಮಧ್ಯದ ದಾರಿ ಇನ್ನೂ ಹುಡುಕಬೇಕು.

ಹೆಜ್ಜೆ 5: ನಿಮ್ಮ ಲಾಭ ಎಲ್ಲಿದೆ, ನೋಡಿಕೊಳ್ಳಿ

ಉತ್ತರ ಹೊಳೆದ ಮೇಲೆ ಒಂದು ಸಲ ನಿಲ್ಲಿ. ಈ ಉತ್ತರದಿಂದ ನನಗೇನು ಸಿಗುತ್ತದೆ? ಹಿತಾಸಕ್ತಿಯ ಘರ್ಷಣೆ ಅಂದರೆ ಲಂಚವೇ ಆಗಬೇಕಿಲ್ಲ. ತೀರ್ಪು ಕೊಡಬೇಕಾದವನ ಜೇಬು ಒಂದು ಕಡೆ ವಾಲಿದ್ದರೆ ಸಾಕು.

ಅಮೆರಿಕದ ಇಂಧನ ಕಂಪನಿ ಎನ್ರಾನ್‌ನ ನೀತಿ ಸಂಹಿತೆ 64 ಪುಟದ್ದು. ಹಣಕಾಸು ಮುಖ್ಯಸ್ಥ ಆಂಡ್ರ್ಯೂ ಫ್ಯಾಸ್ಟೋ ತಾನೇ ನಡೆಸುವ ಸಂಸ್ಥೆಗಳ ಜೊತೆ ಎನ್ರಾನ್ ವ್ಯವಹಾರ ಮಾಡುವಂತಾಗಬೇಕು ಅಂದಾಗ ಸಂಹಿತೆ ಅಡ್ಡ ಬಂತು. 1999ರಲ್ಲಿ ಆಡಳಿತ ಮಂಡಳಿ ಅವನಿಗೆ ವಿನಾಯಿತಿ ಕೊಟ್ಟಿತು. ಮಾರುವ ಕಡೆಯೂ ಅವನೇ, ಕೊಳ್ಳುವ ಕಡೆಯೂ ಅವನೇ. 2001ರ ಡಿಸೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ಸಂಹಿತೆಯ ಪುಸ್ತಕಗಳು ಆಮೇಲೆ ಇಂಟರ್ನೆಟ್‌ನಲ್ಲಿ ತಮಾಷೆಯ ವಸ್ತುವಾಗಿ ಹರಾಜಾದವು.

ನಿಮ್ಮ ವಿಷಯ ಇಷ್ಟು ದೊಡ್ಡದಲ್ಲ. ಆದರೂ ಕೇಳಿಕೊಳ್ಳಿ. "ಗುಟ್ಟು ಕಾಪಾಡಬೇಕು" ಅನ್ನುವುದು ಕೊಟ್ಟ ಮಾತಿನ ಮೇಲಿನ ಗೌರವವಾ, ಮೇಲಿನವರ ಮುಂದೆ ಒಳ್ಳೆಯವರಾಗಿ ಉಳಿಯುವ ಆಸೆಯಾ? ಎರಡೂ ಇರಬಹುದು. ಇದ್ದರೆ ಎರಡೂ ಇದೆ ಅಂತಲೇ ಬರೆದುಕೊಳ್ಳಿ.

ಹೆಜ್ಜೆ 6: ಬಾಯಿಂದ ಬರಬೇಕಾದ ಮಾತನ್ನು ತಯಾರು ಮಾಡಿ

ಸಿದ್ಧಾಂತ ಎಷ್ಟೇ ಓದಿದ್ದರೂ ಬಾಗಿಲಲ್ಲಿ ನಿಂತವನಿಗೆ ಹೇಳಬೇಕಾದದ್ದು ಎರಡು ಮೂರು ವಾಕ್ಯ. ನಾನಾಗಿದ್ದರೆ ಹೀಗೆ ಹೇಳುತ್ತಿದ್ದೆ:

"ನೋಡಿ, ಯಾರ ಕೆಲಸದ ಬಗ್ಗೆಯೂ ನಾನು ಗ್ಯಾರಂಟಿ ಕೊಡಲ್ಲ, ನನ್ನದೂ ಸೇರಿ. ಆರು ತಿಂಗಳು ಸಂಬಳ ಬರದಿದ್ರೂ ಕಂತು ಕಟ್ಟೋಕಾಗುತ್ತಾ ಅಂತ ಲೆಕ್ಕ ಹಾಕಿ. ಆಗಲ್ಲ ಅನ್ನಿಸಿದ್ರೆ ಸ್ವಲ್ಪ ದಿನ ಮುಂದೆ ಹಾಕೋಕಾಗುತ್ತಾ ಕೇಳಿ ನೋಡಿ."

ಇದರಲ್ಲಿ ಸುಳ್ಳಿಲ್ಲ. ಗುಟ್ಟೂ ಇಲ್ಲ, ಅಥವಾ ಇಲ್ಲ ಅಂತ ಕಾಣುತ್ತದೆ. ಸಮಸ್ಯೆ ಇಲ್ಲೇ ಇದೆ. ಹೋದ ತಿಂಗಳು, ಪಟ್ಟಿ ಇಲ್ಲದಿದ್ದಾಗ, ಇನ್ನೊಬ್ಬ ಇದೇ ಪ್ರಶ್ನೆ ಕೇಳಿದ್ದ ಅಂದುಕೊಳ್ಳಿ. ನೀವು ನಗುತ್ತಾ "ಅಯ್ಯೋ, ಏನೂ ತೊಂದರೆ ಇಲ್ಲ ಹೋಗಿ" ಅಂದಿದ್ದರೆ? ಈಗಿನ ಈ ಎಚ್ಚರದ ಮಾತೇ ಪಟ್ಟಿಯನ್ನು ಓದಿ ಹೇಳಿದ ಹಾಗಾಗುತ್ತದೆ. ಹುಡುಗ ದಡ್ಡನಲ್ಲ.

ಕಾಂಟ್ ಅವರ "ಎಲ್ಲರೂ ಹೀಗೇ ಮಾಡಿದರೆ" ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಪಟ್ಟಿ ಇರಲಿ, ಇಲ್ಲದಿರಲಿ, ಯಾರೇ ಕೇಳಲಿ, ಉತ್ತರ ಒಂದೇ ಆಗಿರಬೇಕು. ಅಂದರೆ ಶುಕ್ರವಾರ ಸಂಜೆಯ ಇಕ್ಕಟ್ಟನ್ನು ಬಿಡಿಸುವ ಕೆಲಸ ಯಾವತ್ತೋ ಒಂದು ಸಾಧಾರಣ ಮಂಗಳವಾರ ಆಗಿರಬೇಕಿತ್ತು. ಟೀಮಿಗೆ ಮೊದಲೇ ಹೇಳಿಡಿ: ಕೆಲಸದ ಭದ್ರತೆ, ಬಡ್ತಿ, ಬೇರೆಯವರ ಸಂಬಳ, ಈ ಮೂರರ ಬಗ್ಗೆ ನಾನು ಹೌದು ಅಂತಲೂ ಹೇಳಲ್ಲ, ಇಲ್ಲ ಅಂತಲೂ ಹೇಳಲ್ಲ. ಏನೂ ಇಲ್ಲದ ದಿನ ಈ ಮಾತು ಯಾರಿಗೂ ಭಾರ ಅನ್ನಿಸುವುದಿಲ್ಲ.

ಹೆಜ್ಜೆ 7: ಮೇಲಕ್ಕೆ ತಗೊಂಡು ಹೋಗಿ

ಹುಡುಗನಿಗೆ ಹೇಳುವ ಮಾತಿಗಿಂತ ಮೇಲಿನವರಿಗೆ ಹೇಳುವ ಮಾತು ಮುಖ್ಯ. ಇಕ್ಕಟ್ಟನ್ನು ಹುಟ್ಟಿಸಿದ್ದು ಅವರ ವೇಳಾಪಟ್ಟಿ. ಒಂದು ತಿಂಗಳು ಮುಚ್ಚಿಡಬೇಕು ಅಂತ ಯಾರು ಹೇಳಿದ್ದು? ಮುಂದಿನ ವಾರವೇ ಎಲ್ಲರಿಗೂ ಒಟ್ಟಿಗೆ ಹೇಳಬಹುದಾ? ಪಟ್ಟಿಯಲ್ಲಿರುವವರಿಗೆ ಜಾಸ್ತಿ ದಿನದ ನೋಟಿಸ್ ಕೊಡಬಹುದಾ? ಹೆಚ್ಚಿನ ಸಲ ಮೂರನೇ ದಾರಿ ಸಿಗುವುದು ಇಂಥ ಕಡೆ. ಎರಡೇ ದಾರಿ ಅಂತ ನಾವು ಅಂದುಕೊಂಡಿರುತ್ತೇವೆ, ಅಷ್ಟೇ.

ನೀವೇ ಮೇಲಿನವರಾಗಿದ್ದರೆ ಒಂದು ಮಾತು. ನಿಯಮ, ದಂಡ, ಟಾರ್ಗೆಟ್ ಹಾಕುವಾಗ ಹುಷಾರು. ಇಸ್ರೇಲಿನ ಹೈಫಾದಲ್ಲಿ 10 ಶಿಶುವಿಹಾರಗಳಲ್ಲಿ ಇಬ್ಬರು ಅರ್ಥಶಾಸ್ತ್ರಜ್ಞರು ಒಂದು ಪ್ರಯೋಗ ಮಾಡಿ 2000ದಲ್ಲಿ ಪ್ರಕಟಿಸಿದರು. ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವವರಿಗೆ 6 ಕಡೆ ದಂಡ ಹಾಕಿದರು. ತಡವಾಗಿ ಬರುವವರು ಕಡಿಮೆಯಾಗಲಿಲ್ಲ, ಸುಮಾರು ಎರಡು ಪಟ್ಟಾದರು. ಮೊದಲು ಟೀಚರಿಗೆ ತೊಂದರೆ ಕೊಡುತ್ತಿದ್ದೇವೆ ಅಂತ ಸಂಕೋಚವಿತ್ತು. ಈಗ ದುಡ್ಡು ಕೊಡುತ್ತಿದ್ದೇವಲ್ಲ! ದಂಡ ತೆಗೆದ ಮೇಲೂ ಆ ಸಂಕೋಚ ವಾಪಸ್ ಬರಲಿಲ್ಲ.

ಟಾರ್ಗೆಟ್ ಕಥೆ ಇನ್ನೂ ಕೆಟ್ಟದ್ದು. ಒಬ್ಬೊಬ್ಬ ಗ್ರಾಹಕರಿಗೂ 8 ಉತ್ಪನ್ನ (ಖಾತೆ, ಕಾರ್ಡ್ ಅಂಥವು) ಮಾರಬೇಕು ಅಂತ ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕ್ ಸಿಬ್ಬಂದಿಯ ಬೆನ್ನು ಹತ್ತಿತು. ಸಿಬ್ಬಂದಿ ಗ್ರಾಹಕರಿಗೆ ಗೊತ್ತಿಲ್ಲದೆ ಅವರ ಹೆಸರಲ್ಲಿ ಲಕ್ಷಗಟ್ಟಲೆ ಖಾತೆ ತೆರೆದರು. 2016ರಲ್ಲಿ 18.5 ಕೋಟಿ ಡಾಲರ್ ದಂಡ ಬಿತ್ತು. ಸುಮಾರು 5,300 ಜನರನ್ನು ಕೆಲಸದಿಂದ ತೆಗೆದಿದ್ದರು. ಅಷ್ಟೊಂದು ಕೆಟ್ಟವರು ಒಂದೇ ಬ್ಯಾಂಕಿಗೆ ಬಂದು ಸೇರಿದ್ದರು ಅಂದರೆ ನಂಬೋಕಾಗುತ್ತಾ?

ಮೇಲಿನವರು ಕೇಳದಿದ್ದರೆ? ಯಾವ ದಿನ, ಯಾರಿಗೆ, ಏನು ಹೇಳಿದಿರಿ, ಅವರು ಏನಂದರು, ಬರೆದಿಟ್ಟುಕೊಳ್ಳಿ. ಒಬ್ಬರೇ ಹೋಗಬೇಡಿ, ಹೀಗೇ ಅನ್ನಿಸುವ ಇನ್ನೊಬ್ಬರನ್ನು ಜೊತೆಗೆ ಕರೆದುಕೊಳ್ಳಿ. ಹೊರಗಿನವರಿಗೆ ಹೇಳುವುದು ಕೊನೆಯ ಮೆಟ್ಟಿಲು. ಜೀವಕ್ಕೆ ಅಪಾಯವಿದ್ದರೆ, ಅಪರಾಧ ನಡೆಯುತ್ತಿದ್ದರೆ, ಒಳಗಿನ ಬಾಗಿಲುಗಳೆಲ್ಲ ಮುಚ್ಚಿದ್ದರೆ ಮಾತ್ರ. ಅದಕ್ಕೂ ಮುಂಚೆ ವಕೀಲರ ಹತ್ತಿರ ಮಾತಾಡಿ. ಈ ಪಟ್ಟಿಯ ವಿಷಯ ಅಲ್ಲಿಗೆ ಹೋಗುವಂಥದ್ದಲ್ಲ.

ಹೋಗಬೇಕಾದದ್ದು ಮೇಲಿನ ಮಹಡಿಗೆ, ಅದೂ ಬೇಗ. ಹುಡುಗ ಸಹಿ ಹಾಕೋದು ಸೋಮವಾರ ಹನ್ನೊಂದಕ್ಕೆ. ಫೋನ್ ಇವತ್ತು ರಾತ್ರಿಯೇ ಮಾಡಿ.